ಸಮುದ್ರಕ್ಕೆ ಏಳು ದಿನದ ಡ್ಯೂಟಿ

ಶನಿವಾರ ಬೆಳಗ್ಗೆ ನನ್ನ ಗಂಡ ಊಟದ ಮೇಜಿನ ಮೇಲೆ ಸ್ಕೇಲು, ಕೆಂಪು ಪೆನ್ನು, ನೀಲಿ ಪೆನ್ನು, ರಬ್ಬರು ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡು ಕೂತಾಗಲೇ ನನಗೆ ಮೈ ಉರಿಯಲು ಶುರುವಾಗಿತ್ತು. ಮುಂದಿನ ಶನಿವಾರ ನಾವು ಹೊರಡಬೇಕಾಗಿದ್ದದ್ದು ಸಮುದ್ರದ ದಂಡೆಯಲ್ಲಿ ಬಾಡಿಗೆ ಮನೆ ಹಿಡಿದು ಏಳು ದಿನ ಆರಾಮಾಗಿ ಇದ್ದು ಬರುವುದಕ್ಕೆ. ಇವನು ಕೂತ ಭಂಗಿ ನೋಡಿದರೆ ಇಡೀ ಊರನ್ನೇ ಎತ್ತಿ ಬೇರೆ ಕಡೆ ಇಡುವವನ ಹಾಗಿತ್ತು.

ಅವನ ಕೆಲಸವೇ ಅದು ಎನ್ನಿ. ಬಸ್ ಡಿಪೋದಲ್ಲಿ ಡ್ಯೂಟಿ ಪಟ್ಟಿ ಬರೆಯುವ ಗುಮಾಸ್ತ. ನೂರಿಪ್ಪತ್ತು ಬಸ್ಸು, ಮುನ್ನೂರು ಚಿಲ್ಲರೆ ಡ್ರೈವರುಗಳು. ಯಾರು ಯಾವ ಬಸ್ಸನ್ನು ಎಷ್ಟು ಗಂಟೆಗೆ ಹೊರಡಿಸಬೇಕು, ಯಾರು ಎಷ್ಟಕ್ಕೆ ಇಳಿಯಬೇಕು, ಯಾರು ಸ್ಟ್ಯಾಂಡ್‌ಬೈ ಕೂರಬೇಕು, ಎಲ್ಲ ಅವನ ಪೆನ್ನಿನ ತುದಿಯಲ್ಲಿ. ನಾನು ಅದೇ ಡಿಪೋದಲ್ಲಿ ಹನ್ನೊಂದು ವರ್ಷದಿಂದ ಡ್ರೈವರು. ಹದಿನಾಲ್ಕನೇ ನಂಬರು ನನ್ನ ರೂಟು, ಬೆಳಗ್ಗೆ ನಾಲ್ಕು ಐವತ್ತಕ್ಕೆ ಮೊದಲ ಟ್ರಿಪ್ಪು. ಈ ಹನ್ನೊಂದು ವರ್ಷದಲ್ಲಿ ನನ್ನ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ, ಬೇಕಾದರೆ ಹೋಗಿ ರಿಜಿಸ್ಟರು ನೋಡಿಕೊಳ್ಳಿ.

ಮಗಳು ಹುಟ್ಟಿ ಎಂಟು ತಿಂಗಳಾಗಿದೆ. ನನ್ನ ಹೆರಿಗೆ ರಜೆ ಮುಗಿಯುವುದು ಸಮುದ್ರದಿಂದ ವಾಪಸು ಬಂದ ಮೇಲಿನ ಸೋಮವಾರ. ಆ ಸೋಮವಾರ ನಾಲ್ಕು ಐವತ್ತಕ್ಕೆ ನಾನು ಸ್ಟಿಯರಿಂಗ್ ಹಿಡಿದು ಕೂತಿರದಿದ್ದರೆ ಹದಿನಾಲ್ಕನೇ ನಂಬರು ಕೈಬಿಡುತ್ತದೆ. ಈಗ ಅದನ್ನು ಹಂಗಾಮಿಯಾಗಿ ಓಡಿಸುತ್ತಿರುವವನಿಗೇ ಖಾಯಂ ಆಗುತ್ತದೆ. ಡಿಪೋದ ನಿಯಮ ಅದು. ಆ ಮಹಾನುಭಾವ ಗೇರು ಬದಲಾಯಿಸುವ ಸದ್ದಿಗೆ ನಮ್ಮ ಬೀದಿಯ ಕಿಟಕಿ ಗಾಜುಗಳು ಅದುರುತ್ತವೆ. ಅವನ ಕೈಗೆ ನನ್ನ ರೂಟು ಹೋಗುವುದನ್ನು ನೋಡಿಕೊಂಡು ಕೂರುವವಳಲ್ಲ ನಾನು.

ಆದರೆ ಸ್ಟಿಯರಿಂಗ್ ಹಿಡಿಯುವ ಮೊದಲು ನಾನು ನಿದ್ದೆ ಮಾಡಬೇಕಿತ್ತು. ಎಂಟು ತಿಂಗಳಲ್ಲಿ ಒಂದು ರಾತ್ರಿಯೂ ಒಟ್ಟಿಗೆ ಎರಡು ಗಂಟೆಗಿಂತ ಹೆಚ್ಚು ಕಣ್ಣು ಮುಚ್ಚಿಲ್ಲ. ಗಂಡ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾನೆ. ಅವನ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದರೆ ನೂರಿಪ್ಪತ್ತು ಬಸ್ಸು ನಿಲ್ಲುತ್ತವಂತೆ. ಬಾಡಿಗೆ ಮನೆಯ ಮಾತೆತ್ತಿದವಳು ನಾನೇ. ಅವನಿಗೂ ಒಂದು ವಾರ ರಜೆ, ಅತ್ತೆಯೂ ಜೊತೆಗಿರುತ್ತಾರೆ. ಮೂರು ಜನ ದೊಡ್ಡವರು ಸೇರಿ ಒಂದು ಮಗು, ಒಂದು ನಾಯಿಯನ್ನು ನೋಡಿಕೊಂಡರೆ ನನ್ನ ಪಾಲಿಗೆ ಒಂದಷ್ಟು ನಿದ್ದೆ ಬಿದ್ದೇ ಬೀಳುತ್ತದೆ ಎಂದುಕೊಂಡಿದ್ದೆ. ನನಗೆ ಬೇಕಾಗಿದ್ದದ್ದು ಏಳು ರಾತ್ರಿಯ ನಿದ್ದೆ. ಸಮುದ್ರ ಇಲ್ಲದಿದ್ದರೂ ನಡೆಯುತ್ತಿತ್ತು.

ಮೊದಲು ಮನೆಯ ಮಾಲಕಿಗೆ ಫೋನು. ಗಂಡ ಸ್ಪೀಕರಿಗೆ ಹಾಕಿ, ಪ್ರಶ್ನೆಗಳ ಹಾಳೆಯನ್ನು ಮುಂದಿಟ್ಟುಕೊಂಡ. ಇಪ್ಪತ್ತೆರಡು ಪ್ರಶ್ನೆಗಳಿದ್ದವು, ನಾನು ಎಣಿಸಿದೆ. ನಾಲ್ಕನೆಯದಕ್ಕೇ ಆಕೆಯ ದನಿ ಗಡುಸಾಯಿತು.

"ನಾಯಿ ಎಷ್ಟು ಕೆ.ಜಿ. ಅಂದ್ರಿ?"

"ಮೂವತ್ತೆರಡು."

"ನಾನು ಸಣ್ಣ ನಾಯಿ ಅಂತ ಬರೆದಿದ್ದೆ."

"ಎಷ್ಟು ಕೆ.ಜಿ.ವರೆಗೆ ಸಣ್ಣದು ಅಂತ ಬರೆದಿರ್ಲಿಲ್ಲ," ಎಂದ ನನ್ನ ಗಂಡ. ಗೆದ್ದವನ ಹಾಗೆ ನನ್ನ ಕಡೆ ನೋಡಿದ.

ಮೂವತ್ತೆರಡು ಕೆ.ಜಿ.ಯ ಆ ಆಸಾಮಿ ಮೇಜಿನ ಕೆಳಗೆ ನನ್ನ ಪಾದದ ಮೇಲೆ ಗದ್ದ ಊರಿ ಮಲಗಿತ್ತು. ಅದರ ಹೆಸರು ಕಂಡಕ್ಟರ್. ಡಿಪೋದ ಗ್ಯಾರೇಜಿನಲ್ಲಿ ಮರಿಯಾಗಿ ಸಿಕ್ಕಿದ್ದು. ಮನೆಗೆ ಯಾರೇ ಬರಲಿ, ಒಬ್ಬೊಬ್ಬರ ಹತ್ತಿರವೂ ಹೋಗಿ ಕೈ ಮೂಸಿ, ಟಿಕೆಟ್ ನೋಡಿದ ಮೇಲೆಯೇ ಮುಂದಕ್ಕೆ ಬಿಡುತ್ತದೆ. ಅದಕ್ಕೆ ಬೇಡವೆನಿಸಿದರೆ ಕೂತಲ್ಲಿಂದ ಕ್ರೇನು ತಂದರೂ ಏಳುವುದಿಲ್ಲ.

"ಮಗು ರಾತ್ರಿ ಅಳುತ್ತಾ?" ಮಾಲಕಿ ಕೇಳಿದರು. "ಪಕ್ಕದ ಮನೆಗಳಿಗೆ ಜನ ಆರಾಮಾಗಿರೋಕೆ ಅಂತ ಬಂದಿರ್ತಾರೆ, ನೋಡಿ."

"ನಾವೇನು ಕಲ್ಲು ಒಡೆಯೋಕೆ ಬರ್ತಿದ್ದೀವಾ?" ನಾನು ಬಾಯಿ ಹಾಕಿದೆ. "ಎಂಟು ತಿಂಗಳ ಮಗು, ಅಳುತ್ತೆ. ಭಾಷಣ ಮಾಡಲ್ಲ."

ಆಮೇಲೆ ಆಕೆ ತನ್ನ ಷರತ್ತುಗಳನ್ನು ಒಂದೊಂದಾಗಿ ಹೇಳಿದರು. ನಾಯಿ ಮಂಚ ಹತ್ತಬಾರದು. ನಾಯಿಯ ಕಾಲನ್ನು ಹೊರಗಿನ ನಲ್ಲಿಯಲ್ಲಿ ತೊಳೆದೇ ಒಳಗೆ ತರಬೇಕು. ಮಗುವಿನ ಒದ್ದೆ ಬಟ್ಟೆ ಬಾಲ್ಕನಿಯಲ್ಲಿ ನೇತುಹಾಕಿದರೆ ನೋಟ ಕೆಡುತ್ತದೆ. ನನ್ನ ಗಂಡ ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಕೆಂಪು ಪೆನ್ನಿನಲ್ಲಿ ಬರೆದುಕೊಂಡ. ಇಬ್ಬರೂ ಒಂದೇ ಅಚ್ಚಿನವರು, ಅವರಿಬ್ಬರೇ ಹೋಗಿ ಆ ಮನೆಯಲ್ಲಿರಬಹುದಿತ್ತು ಎನಿಸಿತು.

"ನಾಯಿನ ಬಿಟ್ಟು ಹೋದ್ರೆ ಆಗಲ್ವಾ?" ಫೋನಿಟ್ಟ ಮೇಲೆ ಅತ್ತೆ ಸೋಫಾದಿಂದ ಕೇಳಿದರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹೆಂಗಸು. ಬೇರೆಯವರು ಮಡಿಸಿದ ಬಟ್ಟೆ ಕಂಡರೆ ಅವರಿಗೆ ಕಣ್ಣುರಿ. ಆಗಲೂ ನಾನು ಮಡಿಸಿಟ್ಟಿದ್ದ ಮಗುವಿನ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸುತ್ತಿದ್ದರು.

"ಆಗಲ್ಲ."

"ಮಗುಗಿಂತ ನಾಯಿ ಹೆಚ್ಚಾಯ್ತು."

"ಹಾಗಂತ ಯಾರಂದ್ರು ಅತ್ತೆ?"

"ಯಾರೂ ಅನ್ನೋದು ಬೇಡ, ಕಾಣ್ಸುತ್ತಲ್ಲ. ಇವನನ್ನ ಹೆತ್ತು ಹದಿನೈದನೇ ದಿನಕ್ಕೆ ನಾನು ಕೆಲಸಕ್ಕೆ ಹೋಗಿದ್ದೆ. ಆರಾಮಿಗೆ ಅಂತ ಯಾವ ಸಮುದ್ರಕ್ಕೂ ಹೋಗ್ಲಿಲ್ಲ."

"ಅದಕ್ಕೇ ಇವನು ಹೀಗಾಗಿದ್ದು," ಎಂದೆ. ಅತ್ತೆ ಕೈಯಲ್ಲಿದ್ದ ಅಂಗಿಯನ್ನು ಎರಡು ಸಲ ಕೊಡವಿ ಮಡಿಸಿದರು. ಗಂಡ ಮಾತ್ರ ಕಿವಿ ಮೇಲೆ ಹಾಕಿಕೊಳ್ಳದೆ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದ. ಮಗಳು ಚಾಪೆಯ ಮೇಲೆ ಕೂತು ಅವನ ಹಳೇ ಸ್ಕೇಲೊಂದನ್ನು ಜೊಲ್ಲು ಸುರಿಸಿಕೊಂಡು ಕಚ್ಚುತ್ತಿದ್ದಳು.

ಒಂದು ಗಂಟೆ ಕಳೆಯಿತು. ಅಷ್ಟರಲ್ಲಿ ಮಗಳಿಗೆ ಎರಡು ಸಲ ಬಟ್ಟೆ ಬದಲಾಯಿಸಿದೆ, ಬಾಟಲಿ ಕುದಿಸಿದೆ, ನಾಯಿಯನ್ನು ಕೆಳಗಿಳಿಸಿ ಕರೆತಂದೆ. ವಾಪಸು ಬಂದಾಗ ಗಂಡ ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯನ್ನು ಮೇಜಿನ ನಡುವೆ ತಿರುಗಿಸಿಟ್ಟ.

"ನೋಡಿ. ಇನ್ನು ಅಲ್ಲಿ ಯಾರೂ ಯಾರ ಹತ್ರನೂ ಏನೂ ಕೇಳೋ ಹಾಗಿಲ್ಲ. ಯೋಚನೇನೇ ಮಾಡ್ಬೇಕಾಗಿಲ್ಲ. ಪೂರ್ತಿ ಆರಾಮು."

ಸುಂದರವಾದ ಪಟ್ಟಿ, ಇಲ್ಲವೆನ್ನಲಾರೆ. ಗೆರೆಗಳು ಕೂದಲೆಳೆ ಆಚೀಚೆಯಾಗಿರಲಿಲ್ಲ. ಡಿಪೋದ ಪಟ್ಟಿಯ ಹಾಗೆಯೇ ಡ್ಯೂಟಿ ನಂಬರು, ಹಾಜರಿ ಸಮಯ, ಬಿಡುಗಡೆ ಸಮಯ, ಹೆಸರು. ಏಳು ದಿನಕ್ಕೆ ಏಳು ಕಾಲಮ್ಮು. ಅತ್ತೆ ಕನ್ನಡಕ ಏರಿಸಿಕೊಂಡು ಬಂದು ನನ್ನ ಹೆಗಲ ಮೇಲಿಂದ ಬಗ್ಗಿದರು.

"ನನ್ನ ಮುಂದೆ ಸ್ಟ್ಯಾಂಡ್‌ಬೈ ಅಂತ ಬರೆದಿದ್ದೀಯಲ್ಲ, ಹಾಗಂದ್ರೇನು?" ಎಂದು ಮಗನನ್ನು ಕೇಳಿದರು.

"ಯಾರಿಗಾದ್ರೂ ಆಗ್ಲಿಲ್ಲ ಅಂದ್ರೆ ಅವರ ಬದ್ಲಿಗೆ ನೀನು."

"ಅಂದ್ರೆ ನಾನು ಸ್ಟೆಪ್ನಿ." ಅತ್ತೆಯ ಮುಖ ಗಂಟಾಯಿತು. "ಮೂವತ್ತು ವರ್ಷ ಒಂದು ದಿನ ತಪ್ಪದೆ ಹಾಜರಿ ಹಾಕಿದೋಳನ್ನ ಸ್ಟೆಪ್ನಿ ಮಾಡಿದ್ದಾನೆ ನೋಡು."

ನಾನು ನೋಡುತ್ತಿದ್ದದ್ದು ನನ್ನ ಸಾಲನ್ನು. ಬೆಳಗ್ಗೆ ನಾಲ್ಕೂವರೆಯಿಂದ ಒಂಬತ್ತು, ಮಗುವಿಗೆ ಮೊದಲ ಹಾಲು, ಬಟ್ಟೆ ಒಗೆಯುವುದು, ಅಡುಗೆ. ಒಂಬತ್ತರಿಂದ ಹತ್ತೂವರೆ ಅತ್ತೆಯ ಡ್ಯೂಟಿ, ಸ್ನಾನ. ನಾಯಿಯ ವಾಕಿಂಗು ಆರರಿಂದ ಆರೂ ನಲವತ್ತು, ಅದೂ ನನ್ನದೇ, ಮಗುವನ್ನು ತಳ್ಳುವ ಗಾಡಿಯಲ್ಲಿ ಹಾಕಿಕೊಂಡು ಎಂದು ಕೆಳಗೆ ಟಿಪ್ಪಣಿ. ಹತ್ತೂವರೆಯಿಂದ ರಾತ್ರಿ ಒಂಬತ್ತೂವರೆ ಮತ್ತೆ ನಾನು. ಒಂಬತ್ತೂವರೆಯಿಂದ ಬೆಳಗಿನ ನಾಲ್ಕೂವರೆವರೆಗೆ ರಾತ್ರಿ ಪಾಳಿ. ರಾತ್ರಿ ಪಾಳಿಯ ಮುಂದೆ ಏಳೂ ದಿನ ನನ್ನ ಹೆಸರೇ, ಒಂದೇ ಅಳತೆಯ ಅಕ್ಷರಗಳಲ್ಲಿ ಮುದ್ದಾಗಿ ಬರೆದಿತ್ತು. ನಾಯಿಗೂ ಒಂದು ಡ್ಯೂಟಿ ಇತ್ತು. ಬಾಗಿಲ ಕಾವಲು, ಕಂಡಕ್ಟರ್.

ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಓದಿದೆ. ಕೆಳಗಿಂದ ಮೇಲಕ್ಕೆ ಇನ್ನೊಮ್ಮೆ ಓದಿದೆ.

"ನಿನ್ನ ಹೆಸರೆಲ್ಲಿ?"

"ಎಲ್ಲಿ ಅಂದ್ರೆ?"

"ಇದ್ರಲ್ಲಿ. ನಾನಿದ್ದೀನಿ, ನಿನ್ನಮ್ಮ ಇದ್ದಾರೆ, ನಾಯಿ ಇದೆ. ನೀನೆಲ್ಲಿ?"

ಅವನು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಹುಡುಕಿದ. ಆಣೆಯಾಗಿ ಹೇಳುತ್ತೇನೆ, ಅವನು ನಿಜವಾಗಿಯೂ ಹುಡುಕಿದ. ಬೆರಳನ್ನು ಸಾಲಿನ ಮೇಲೆ ಜಾರಿಸಿಕೊಂಡು, ಎಲ್ಲೋ ಇರಲೇಬೇಕು ಎನ್ನುವ ಹಾಗೆ. ಅವನು ಬೇಕೆಂದು ಬಿಟ್ಟಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

"ಪಟ್ಟಿ ಬರೆಯೋನು ಪಟ್ಟೀಲಿ ಇರಲ್ಲ," ಎಂದ ಕೊನೆಗೆ. "ಡಿಪೋದಲ್ಲೂ ಹಾಗೇ ಅಲ್ವಾ? ನಾನೇ ಒಂದು ಬಸ್ಸು ಹತ್ತಿ ಹೋದ್ರೆ, ಯಾರಾದ್ರೂ ಬರ್ಲಿಲ್ಲ ಅಂದಾಗ ಬದ್ಲಿ ಹಾಕೋದು ಯಾರು? ನಾನು ಒಟ್ಟಾರೆ ನೋಡ್ಕೋತೀನಿ."

"ಒಟ್ಟಾರೆ ಏನು ನೋಡ್ಕೋತೀಯ? ಸಮುದ್ರಾನಾ?"

"ನೀನು ಎಲ್ಲಾದಕ್ಕೂ ಹೀಗೆ ಮೈಮೇಲೆ ಬಿದ್ರೆ ಹೇಗೆ?"

"ಒಂದು ಪಾಳಿಗೂ ಇನ್ನೊಂದಕ್ಕೂ ನಡುವೆ ಒಂಬತ್ತು ಗಂಟೆ ಬಿಡುವು ಕೊಡ್ಬೇಕು. ನೀನೇ ಗೋಡೆಗೆ ಅಂಟಿಸಿರೋ ನಿಯಮ. ಇದ್ರಲ್ಲಿ ನಂಗೆ ಎಷ್ಟು ಬಿಡುವಿದೆ? ರಾತ್ರಿ ಪಾಳಿ ಮುಗಿಯೋದು ನಾಲ್ಕೂವರೆಗೆ, ಬೆಳಗಿನ ಪಾಳಿ ಶುರುವಾಗೋದೂ ನಾಲ್ಕೂವರೆಗೆ. ಇಂಥ ಪಟ್ಟಿ ಡಿಪೋದಲ್ಲಿ ಅಂಟಿಸಿ ನೋಡು, ಎಲ್ಲಾ ಡ್ರೈವರುಗಳೂ ಗೇಟು ಹಾಕಿ ಕೂರ್ತಾರೆ."

"ಅದು ಬಸ್ಸು. ಇದು ಮನೆ."

ಅವನ ಬಾಯಿಂದ ಆ ಮಾತು ಸಲೀಸಾಗಿ ಬಂತು. ಅವನು ಮುಂದುವರಿಸಿದ. "ಒಂದು ವಾರ ತಾನೆ? ಹೇಗೋ ಸುಧಾರಿಸ್ಕೋ. ಸಮುದ್ರದ ಗಾಳಿಗೆ ನಿದ್ದೆ ತಾನಾಗೇ ಬರುತ್ತೆ ಅಂತಾರೆ."

"ನಿದ್ದೆ ಬರಲ್ಲ ಅಂತ ನಾನು ಯಾವಾಗ ಅಂದೆ?" ಎಂದೆ. ದನಿ ನನ್ನದಲ್ಲದ ಹಾಗೆ ತಣ್ಣಗಿತ್ತು. "ಬರುತ್ತೆ. ಎಲ್ಲಂದ್ರಲ್ಲಿ ಬರುತ್ತೆ. ನಿಂತಲ್ಲೇ ಬರುತ್ತೆ. ಮೊನ್ನೆ ಮಂಗಳವಾರ ಔಷಧಿ ಅಂಗಡಿ ಇಳಿಜಾರಲ್ಲಿ ಬಂತು."

ಇದನ್ನು ಯಾರಿಗೂ ಹೇಳಬಾರದು ಎಂದುಕೊಂಡಿದ್ದೆ. ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗ ಬಾಯಿ ಬಿಟ್ಟ ಮೇಲೆ ಪೂರ್ತಿ ಹೇಳಿದೆ. ಮಂಗಳವಾರ ಹತ್ತೂವರೆಗೆ ಮಗುವನ್ನು ಗಾಡಿಯಲ್ಲಿ ಮಲಗಿಸಿಕೊಂಡು ಔಷಧಿ ತರಲು ಹೋಗಿದ್ದೆ. ಕೈಯಲ್ಲಿ ಚೀಲಗಳಿದ್ದವೆಂದು ನಾಯಿಯ ಹಗ್ಗದ ಕುಣಿಕೆಯನ್ನು ಗಾಡಿಯ ಹಿಡಿಗೇ ಸಿಕ್ಕಿಸಿದ್ದೆ. ರಸ್ತೆ ದಾಟಲು ಸಿಗ್ನಲಿನ ಹತ್ತಿರ ನಿಂತೆ. ನಿಂತಿದ್ದು ಗೊತ್ತು, ಆಮೇಲಿನದು ಗೊತ್ತಿಲ್ಲ. ಲಾರಿಯ ಹಾರನ್ನಿಗೆ ಕಣ್ಣು ಬಿಟ್ಟಾಗ ನಾನು ಕಂಬಕ್ಕೆ ಒರಗಿದ್ದೆ. ನನ್ನ ಕೈ ಗಾಡಿಯ ಮೇಲಿರಲಿಲ್ಲ. ಗಾಡಿಯ ಮುಂದಿನ ಎರಡು ಚಕ್ರ ಫುಟ್‌ಪಾತಿನಿಂದ ಕೆಳಗಿಳಿದು ರಸ್ತೆಯಲ್ಲಿದ್ದವು. ನಾಯಿ ಹಿಂದೆ ಕುಂಡೆಯೂರಿ ಕೂತಿತ್ತು, ಹಗ್ಗ ಬಿಗಿದು ನಿಂತಿತ್ತು. ಅದು ಅಲ್ಲಿ ಕೂತಿದ್ದು ಯಾಕೆಂದು ನನಗೆ ಗೊತ್ತಿಲ್ಲ. ಸುಮ್ಮನೆ ಬೇಸರವಾಗಿ ಕೂತಿದ್ದರೂ ಕೂತಿದ್ದೀತು.

"ಬ್ರೇಕ್ ಹಾಕಿರ್ಲಿಲ್ಲ," ಎಂದೆ. "ಹನ್ನೊಂದು ವರ್ಷ ಇಳಿಜಾರಲ್ಲಿ ಹ್ಯಾಂಡ್‌ಬ್ರೇಕ್ ಹಾಕ್ದೆ ಸೀಟಿಂದ ಎದ್ದೋಳಲ್ಲ ನಾನು. ಮಗಳ ಗಾಡಿಗೆ ಬ್ರೇಕ್ ಹಾಕಿರ್ಲಿಲ್ಲ."

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗಂಡ ಎದ್ದು ಹೋಗಿ ಚಾಪೆಯ ಮೇಲಿದ್ದ ಮಗಳನ್ನು ಎತ್ತಿಕೊಂಡ. ಅವಳು ಜೊಲ್ಲಿನ ಸ್ಕೇಲನ್ನು ಅವನ ಕೆನ್ನೆಗೆ ಒತ್ತಿದಳು. ಅವನು ಕಿಟಕಿಯ ಹತ್ತಿರ ಹೋಗಿ ನಿಂತ.

"ಇದನ್ನ ನಂಗೆ ಹೇಳ್ಬಾರ್ದಿತ್ತು," ಎಂದ.

"ಗಂಡನಿಗೆ ಹೇಳ್ದೆ ಬೀದಿಲಿ ಹೋಗೋರಿಗೆ ಹೇಳ್ಲಾ?"

"ಗಂಡನಿಗೆ ಹೇಳಿದ್ದು ಸರಿ. ಪಟ್ಟಿ ಬರೆಯೋನಿಗೂ ಗೊತ್ತಾಯ್ತಲ್ಲ." ಅವನು ನನ್ನ ಮುಖ ನೋಡಲಿಲ್ಲ. "ನಿಂತಲ್ಲೇ ನಿದ್ದೆ ಹೋಗೋ ಡ್ರೈವರಿಗೆ ಬಸ್ಸು ಕೊಡೋ ಹಾಗಿಲ್ಲ. ಗೊತ್ತಿದ್ದೂ ಕೊಟ್ರೆ ತಪ್ಪು ನಂದು. ಸೋಮವಾರ ನಿನ್ನ ಹೆಸರು ಹಾಕೋಕಾಗಲ್ಲ."

ರಕ್ತ ತಲೆಗೇರಿತು. ಎಂಟು ತಿಂಗಳು ಕಾದಿದ್ದೆ. ಬೆಳಗಿನ ಖಾಲಿ ರಸ್ತೆ, ಎಂಜಿನ್ನಿನ ಬಿಸಿ, ಸ್ಟಿಯರಿಂಗಿನ ಆ ದಪ್ಪ ಚಕ್ರ ಅಂಗೈಗೆ ಕೂರುವ ರೀತಿ. ಅಲ್ಲಿ ಕೂತಾಗ ನನ್ನನ್ನು ಯಾರೂ ಕರೆಯುವುದಿಲ್ಲ, ಗಂಟೆ ಹೊಡೆದರೆ ನಿಲ್ಲಿಸಬೇಕು, ಮತ್ತೆ ಹೊಡೆದರೆ ಹೊರಡಬೇಕು, ಅಷ್ಟೆ. ಮನೆಯಲ್ಲಿ ನಿಯಮವಿಲ್ಲವಂತೆ, ಅದು ಬರೀ ಮನೆಯಂತೆ. ನನ್ನ ಬಸ್ಸು ಕಿತ್ತುಕೊಳ್ಳುವಾಗ ಮಾತ್ರ ಇವನಿಗೆ ನಿಯಮ ನೆನಪಾಯಿತು. ಮೇಜನ್ನು ಎತ್ತಿ ಅವನ ಮೇಲೆ ಹಾಕಬೇಕು ಎನಿಸಿತು.

ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಸಿದ್ದೆಂದರೆ, ಅವನು ಹೇಳಿದ್ದು ಸರಿಯಾಗಿತ್ತು. ನಾಲ್ಕು ದಿನದಿಂದ ಕಣ್ಣು ಮುಚ್ಚಿದಾಗಲೆಲ್ಲ ನನಗೆ ಕಾಣುತ್ತಿದ್ದದ್ದು ಆ ಎರಡು ಚಕ್ರಗಳು. ಅವುಗಳ ಹಿಂದೆ ಹದಿನಾಲ್ಕನೇ ನಂಬರು, ಒಳಗೆ ಅರವತ್ತು ಜನ, ಸ್ಟಿಯರಿಂಗ್ ಮೇಲೆ ನನ್ನ ತಲೆ.

"ನೀನು ತೆಗೆಯೋದು ಬೇಡ," ಎಂದೆ. "ನನ್ನ ಹೆಸರು ನಾನೇ ತೆಗೀತೀನಿ."

ಮೇಜಿನ ಮೇಲಿದ್ದ ಫೋನೆತ್ತಿ ಡಿಪೋ ಮ್ಯಾನೇಜರಿಗೆ ಹಚ್ಚಿ, ಸ್ಪೀಕರಿಗೆ ಹಾಕಿದೆ. ಗಂಡ ಬೇಡವೆನ್ನುವ ಹಾಗೆ ಕೈ ಎತ್ತಿ ಕೆಳಗಿಳಿಸಿದ.

"ಏನಮ್ಮಾ, ಸಮುದ್ರಕ್ಕೆ ಹೊರಟ್ರಂತೆ," ಎಂದರು ಮ್ಯಾನೇಜರು, ಹಿಂದುಗಡೆ ಬಸ್ಸೊಂದು ರಿವರ್ಸ್ ಹೋಗುವ ಪೀಂ ಪೀಂ ಸದ್ದು.

"ಸರ್, ಆ ಸೋಮವಾರ ನಾನು ಡ್ಯೂಟಿಗೆ ಬರಲ್ಲ. ನಿದ್ದೆ ಇಲ್ಲ. ಮೊನ್ನೆ ರಸ್ತೇಲಿ ನಿಂತ್ಕೊಂಡೇ ನಿದ್ದೆ ಹೋಗಿದ್ದೆ. ಗಾಡಿ ಓಡಿಸೋ ಸ್ಥಿತೀಲಿ ನಾನಿಲ್ಲ."

"ರೂಟು ಹೋಗುತ್ತಮ್ಮಾ," ಎಂದರು ಅವರು. "ನನ್ನ ಕೈಲಿಲ್ಲ ಅದು."

"ಗೊತ್ತು ಸರ್."

"ಎಷ್ಟು ದಿನ ಬೇಕು?"

ಫೋನನ್ನು ಗಂಡನ ಕಡೆ ತಳ್ಳಿದೆ. "ನಿಮ್ಮ ಗುಮಾಸ್ತನನ್ನೇ ಕೇಳಿ ಸರ್. ಇಲ್ಲೇ ಇದ್ದಾನೆ. ರಾತ್ರಿ ಪಾಳಿಗೆ ಯಾರನ್ನ ಹಾಕ್ತಾನೋ ಅದರ ಮೇಲೆ ಹೋಗುತ್ತೆ."

ಗಂಡ ಮಗಳನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬದಲಾಯಿಸಿಕೊಂಡ. ಮೇಜಿನ ಮೇಲಿದ್ದ ತನ್ನ ಪಟ್ಟಿಯನ್ನು ನೋಡಿದ. ಅತ್ತೆ ಅವನನ್ನು ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ.

"ಒಂದು ವಾರ ಅಲ್ಲಿ, ಬಂದ ಮೇಲೆ ಇನ್ನೂ ಹದಿನೈದು ದಿನ ಸರ್, ಅವಳಿಗೆ," ಎಂದ. "ಮತ್ತೆ, ಆ ಹದಿನೈದು ದಿನ ನಂಗೂ ರಜೆ ಬೇಕು."

"ನಿಂಗೇನಾಯ್ತಯ್ಯಾ? ನೀನಿಲ್ದೆ ಪಟ್ಟಿ ಯಾರು ಬರೀತಾರೆ?"

"ಯಾರಾದ್ರೂ ಬರೀಲಿ ಸರ್. ರಾತ್ರಿ ಹೊತ್ತು ನಾನು ಮಗು ನೋಡ್ಕೋಬೇಕು."

ಮ್ಯಾನೇಜರು ನಕ್ಕರು. ಕೆಟ್ಟ ನಗುವೇನಲ್ಲ, ಡಿಪೋದಲ್ಲಿ ಎಲ್ಲರೂ ನಗುವ ನಗು. "ಅದಕ್ಕೆಲ್ಲ ಗಂಡಸರು ರಜೆ ಹಾಕ್ತಾರೇನಯ್ಯಾ? ನಿದ್ದೆಗೆಟ್ಟಿರೋಳು ಅವಳು. ನೀನು ಚೆನ್ನಾಗೇ ಇದ್ದೀಯಲ್ಲ."

"ಅದೇ ಸರ್," ಎಂದ ನನ್ನ ಗಂಡ. ಅವನ ಮುಖ ಕಿವಿಯವರೆಗೂ ಕೆಂಪಾಗಿತ್ತು. "ಎಂಟು ತಿಂಗಳಿಂದ ನಾನು ಚೆನ್ನಾಗೇ ನಿದ್ದೆ ಮಾಡಿದ್ದೀನಿ. ಅದಕ್ಕೇ ಕೇಳ್ತಿರೋದು."

ನನ್ನ ಸಿಟ್ಟು ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಂದು ಮಾತಿಗೆ ಇಳಿದು ಹೋಗುವಷ್ಟು ಅಗ್ಗದ ಸಿಟ್ಟಲ್ಲ ಅದು. ಈ ಮಾತನ್ನು ಅವನು ಒಂದು ತಿಂಗಳ ಹಿಂದೆ ಆಡಿದ್ದರೆ ಹದಿನಾಲ್ಕನೇ ನಂಬರು ನನ್ನ ಕೈಯಲ್ಲಿರುತ್ತಿತ್ತು. ಅದನ್ನೂ ಅವನ ಮುಖದ ಮೇಲೆ ಹೇಳಬೇಕೆಂದು ಬಾಯಿ ತೆರೆದೆ, ಆದರೆ ಸಾಕಾಗಿತ್ತು. ಎದ್ದು ಕೋಣೆಗೆ ಹೋದೆ.

ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿತ್ತು. ಹೊರಗೆ ಮಗಳು ಅಳಲು ಶುರು ಮಾಡಿದಳು. ನನ್ನ ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಅವನು ಬಾಟಲಿ ಕೆಳಗೆ ಬೀಳಿಸಿದ ಸದ್ದು, "ನೀನು ಬಿಡಮ್ಮ, ನಾನೇ ಮಾಡ್ತೀನಿ," ಎಂದು ತಾಯಿಗೆ ಹೇಳಿದ್ದು ಕೇಳಿಸಿತು. ಬಾಗಿಲು ಹಾಕಿದೆ. ಮಂಚದ ಮೇಲೆ ಮಗ್ಗುಲಾಗಿ ದಿಂಬಿಗೆ ಮುಖ ಒತ್ತಿಕೊಂಡು ನನ್ನ ಬಸ್ಸಿಗಾಗಿ ಅತ್ತುಬಿಟ್ಟೆ. ಎಷ್ಟು ಹೊತ್ತು ಅಳುತ್ತಿದ್ದೆನೋ ಗೊತ್ತಿಲ್ಲ. ಎದ್ದಾಗ ಸಂಜೆ ಆರಾಗಿತ್ತು.